ಚಿತ್ರಪುಟವೂ ಅಡಿಬರಹವೂ

ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆಗಾಲವು ಮುಗಿದು ಬಿಸಿಲು ಕಾಣಿಸಿಕೊಂಡೊಡನೆ ಅಟ್ಟದ ಮೇಲಣ ಪೆಟ್ಟಿಗೆಗಳನ್ನು ಅಂಗಳಕ್ಕಿಳಿಸಿ ಒಳಗಿನ ವಸ್ತುಗಳಿಗೆ ಬಿಸಿಲು ಕಾಣಿಸುವ ವಾಡಿಕೆಯುಂಟು. ಹಾಗೆ ಇಳಿಸಿದ ಪೆಟ್ಟಿಗೆಯಲ್ಲಿ ಮಡಿಯ ಪಂಚೆಗಳ ಕೆಳಗೆ, ತೋಟದ ಕಾಗದಪತ್ರಗಳ ನಡುವೆ, ಹತ್ತಿಪ್ಪತ್ತು ಛಾಯಾಚಿತ್ರಗಳು ದೊರೆಯುವುದು ಅಪೂರ್ವವೇನೂ ಅಲ್ಲ. ಅವುಗಳಲ್ಲೊಂದರಲ್ಲಿ ಜೋಗದ ಬಂಡೆಯ ಮೇಲೆ ಆರು ಮಂದಿ ಸಾಲಾಗಿ ನಿಂತಿರುತ್ತಾರೆ. ಎಡತುದಿಯಲ್ಲಿರುವವರು ತನ್ನ ಅಜ್ಜನವರೆಂದು ಮೊಮ್ಮಗನು ಗುರುತಿಸುವನು. ಉಳಿದ ಐವರು ಯಾರು, ಅವರೆಲ್ಲರೂ ಯಾವ ವರ್ಷ, ಯಾವ ಕಾರ್ಯಕ್ಕಾಗಿ ಅಲ್ಲಿಗೆ ಹೋಗಿದ್ದರು ಎಂದು ಕೇಳಿದರೆ ಮನೆಯಲ್ಲಿ ಉತ್ತರವನ್ನು ಹೇಳುವವರಿಲ್ಲ. ಬಲ್ಲವರು ಕಾಲವಾಗಿ ಹೋದರು. ಚಿತ್ರದ ಬೆನ್ನು ಬರಿದಾಗಿದೆ. ಹಣವನ್ನು ವೆಚ್ಚಮಾಡಿ, ದೂರ ನಡೆದು, ಬಿಸಿಲಿನಲ್ಲಿ ಅಲುಗದೆ ನಿಂತು ತೆಗೆಯಿಸಿಕೊಂಡ ಆ ಚಿತ್ರವು ಒಂದೇ ತಲೆಮಾರಿನೊಳಗೆ ಮೂಕವಾಗಿ ಬಿಟ್ಟಿತು.

ಪ್ರವಾಸದ ಚಿತ್ರಗಳನ್ನು ಹಾಳೆಗಳಿಗೆ ಹಚ್ಚಿ ಪುಸ್ತಕವನ್ನಾಗಿ ಇಡುವ ಪದ್ಧತಿಯು ಈ ಮೂಕತನವನ್ನು ಹೋಗಲಾಡಿಸುವುದಕ್ಕಾಗಿಯೇ ಹುಟ್ಟಿದುದು. ಇದನ್ನು ಕೆಲವರು ಪಟ್ಟಣದವರ ವಿನೋದವೆಂದೆಣಿಸುವುದುಂಟು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಈ ಮೂರು ತಾಲೂಕುಗಳ ಮಟ್ಟಿಗೆ ಈ ಪದ್ಧತಿಯ ಇತಿಹಾಸವನ್ನು ಸ್ವಲ್ಪ ಶೋಧಿಸಿ ನೋಡಿದರೆ, ಇದರಲ್ಲಿ ವಿನೋದಕ್ಕಿಂತ ಹೆಚ್ಚಿನದೊಂದು ಹುರುಳಿರುವುದು ವಾಚಕರಿಗೆ ಗೋಚರವಾಗದೆ ಇರದು.

ಚಿತ್ರದೊಡನೆ ಬರಹವಿರಬೇಕೆಂಬ ತಿಳಿವಳಿಕೆಯು ಈ ನೆಲಕ್ಕೆ ಪಶ್ಚಿಮದಿಂದ ಬಂದುದಲ್ಲ. ಶಿರಸಿ ತಾಲೂಕಿನ ಬನವಾಸಿಯಲ್ಲಿ ಮಧುಕೇಶ್ವರ ದೇವಾಲಯದ ಆವರಣದೊಳಗೆ ಐದು ಹೆಡೆಯ ನಾಗನನ್ನು ಕೆತ್ತಿದ ಒಂದು ಶಿಲೆಯಿದೆ. ಅದರ ಅಂಚಿನಲ್ಲಿ ಪ್ರಾಕೃತ ಭಾಷೆಯ ಒಂದು ಶಾಸನವು ಬ್ರಾಹ್ಮೀ ಲಿಪಿಯಲ್ಲಿರುವುದು. ಕದಂಬರಿಗಿಂತಲೂ ಮೊದಲು ಬನವಾಸಿಯನ್ನಾಳಿದ ಚುಟುಕುಲದ ಶಾತಕರ್ಣಿಯ ಕಾಲದ್ದು ಅದು. ಕ್ರಿಸ್ತಶಕದ ಎರಡು-ಮೂರನೆಯ ಶತಮಾನಗಳಿಗೆ ಅದನ್ನು ವಿದ್ವಾಂಸರು ಸೇರಿಸಿರುತ್ತಾರೆ. ಆ ಅರಸನ ಆಳಿಕೆಯ 12ನೆಯ ವರ್ಷ, ಹೇಮಂತದ ಏಳನೆಯ ಪಕ್ಷ, ಮೊದಲನೆಯ ದಿನ ಎಂದು ಕಾಲವನ್ನು ಅದರಲ್ಲಿ ಹೇಳಿದೆ. ಅರಸನ ಮಗಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನವಾಗಿ ಮಾಡಿಸಿದಳೆಂದಿದೆ. ಕೆಲಸವನ್ನು ನೋಡಿಕೊಂಡ ಅಮಾತ್ಯನ ಹೆಸರಿದೆ. ಕೊನೆಗೆ ಈ ನಾಗನನ್ನು ಕಡೆದವನು ಜಯಂತಿಯ ಆಚಾರ್ಯನೊಬ್ಬನ ಶಿಷ್ಯನಾದ ನಟಕನೆಂದು ಶಿಲ್ಪಿಯ ಹೆಸರನ್ನೂ ಹೇಳಿದೆ. ಕಾಲ, ಕಾರಣ, ಮಾಡಿಸಿದವರು, ಮಾಡಿದವರು ಎಂಬ ನಾಲ್ಕು ಸಂಗತಿಗಳೂ ಚಿತ್ರದ ಪಕ್ಕದಲ್ಲಿಯೇ ಸೇರಿಬಿಟ್ಟಿವೆ. ಅಡಿಬರಹವೆಂದರೆ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ಆ ಕೆಲವು ಅಕ್ಷರಗಳಿಲ್ಲದಿದ್ದರೆ ಆ ಶಿಲೆಯು ಊರೂರಿನ ಅಶ್ವತ್ಥಕಟ್ಟೆಗಳ ಮೇಲಿರುವ ಸಾವಿರಾರು ನಾಗರಕಲ್ಲುಗಳಲ್ಲೊಂದಾಗಿ ಉಳಿಯುತ್ತಿತ್ತು.

ತರುವಾಯದ ಕಾಲದಲ್ಲಿಯೂ ಈ ಎಚ್ಚರವು ತಪ್ಪಲಿಲ್ಲ. ಓಲೆಗರಿಯ ಗ್ರಂಥವನ್ನು ಬರೆದು ಮುಗಿಸಿದ ಲಿಪಿಕಾರನು ಕೊನೆಯ ಗರಿಯಲ್ಲಿ ಸಂವತ್ಸರ, ಮಾಸ, ತಿಥಿ, ತನ್ನ ಹೆಸರು ಮತ್ತು ಊರುಗಳನ್ನು ಬರೆಯುತ್ತಿದ್ದನು. ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಬಳಿದು ಮಡಿಕೆಮಡಿಕೆಯಾಗಿ ಮಾಡಿದ ಕರಿಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ವ್ಯಾಪಾರಿಯು ಸಹ ದಿನವನ್ನು ನಮೂದಿಸದೆ ಬಾಬನ್ನು ಬರೆಯುತ್ತಿರಲಿಲ್ಲ. ಇತ್ತೀಚಿನವರೆಗೂ ಮನೆಗಳಲ್ಲಿ ಕಾಣುತ್ತಿದ್ದ, ಕರಿಯ ಹಾಳೆಯ ಮೇಲೆ ಬಿಳಿಯ ಪೆನ್ಸಿಲಿನಿಂದ ಹೆಸರುಗಳನ್ನು ಬರೆದ ಚಿತ್ರಸಂಪುಟವನ್ನು ಈ ಕಡತದ ಪಕ್ಕದಲ್ಲಿಟ್ಟು ನೋಡಿದವರಿಗೆ ಇವೆರಡೂ ಒಂದೇ ಮನೆತನದವೆಂದು ತೋರಿದರೆ ಆಶ್ಚರ್ಯವಿಲ್ಲ.

ಛಾಯಾಚಿತ್ರ ವಿದ್ಯೆಯು 1839ರಲ್ಲಿ ಪ್ಯಾರಿಸ್ ನಗರದಲ್ಲಿ ಪ್ರಕಟವಾದ ತರುವಾಯ ಬಹು ಬೇಗನೆ ಹಿಂದುಸ್ಥಾನಕ್ಕೆ ಬಂದಿತು. 1854ರಲ್ಲಿ ಮುಂಬಯಿಯಲ್ಲಿ ಛಾಯಾಚಿತ್ರಕಾರರ ಸಂಘವೊಂದು ಸ್ಥಾಪಿತವಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿಯಾದ ಲಿನಿಯಸ್ ಟ್ರೈಪ್ ಎಂಬವನು ವೈದ್ಯನಾದ ನೀಲ್ ಎಂಬ ಸ್ನೇಹಿತನೊಡನೆ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೆಬೀಡು, ಬೇಲೂರು ಮೊದಲಾದೆಡೆಗಳಲ್ಲಿ ಚಿತ್ರಗಳನ್ನು ತೆಗೆದನು. ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿ ಆತನ 68 ಚಿತ್ರಗಳಿಗೆ ಮೊದಲನೆಯ ದರ್ಜೆಯ ಪದಕವು ದೊರೆಯಿತು. 1855ರಲ್ಲಿ ಆತನು ಬ್ರಹ್ಮದೇಶಕ್ಕೆ ಹೋದ ನಿಯೋಗದೊಡನೆ ತೆರಳಿ ಅಲ್ಲಿಯ ನೋಟಗಳನ್ನು ಸೆರೆಹಿಡಿದು, 120 ಚಿತ್ರಗಳ ಒಂದೊಂದು ಸಂಪುಟದಂತೆ 50 ಪ್ರತಿಗಳನ್ನು ಸಿದ್ಧಪಡಿಸಿದನು. ಅವುಗಳಲ್ಲಿ ಪ್ರತಿಯೊಂದು ಚಿತ್ರವನ್ನೂ ದಪ್ಪ ಹಾಳೆಗೆ ಹಚ್ಚಿ, ಸ್ಥಳದ ಹೆಸರನ್ನೂ ಕಿರಿದಾದ ವಿವರಣೆಯನ್ನೂ ಮುದ್ರಿಸಿ ಸೇರಿಸಿದ್ದನು. ಚಿತ್ರವು ಎಷ್ಟೇ ಸ್ಪಷ್ಟವಾಗಿದ್ದರೂ ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲಾರದೆಂಬುದನ್ನು ಆ ಸೈನಿಕನು ಮೊದಲೇ ಅರಿತಿದ್ದನು.

ಆ ಕಾಲದಲ್ಲಿ ಛಾಯಾಚಿತ್ರವನ್ನು ಅಕ್ಷರಗಳೊಡನೆ ಅಚ್ಚಿನಲ್ಲಿ ಮೂಡಿಸುವ ಸುಲಭವಾದ ಉಪಾಯವಿರಲಿಲ್ಲ. ಮೊಟ್ಟೆಯ ಬಿಳಿಯನ್ನು ಬಳಿದ ಕಾಗದದ ಮೇಲೆ ಬಿಸಿಲಿನಲ್ಲಿ ಒಂದೊಂದಾಗಿ ಮೂಡಿಸಿದ ಪ್ರತಿಗಳನ್ನು ಪುಸ್ತಕದ ಹಾಳೆಗಳಿಗೆ ಕೈಯಿಂದಲೇ ಅಂಟಿಸಬೇಕಾಗಿತ್ತು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವು ಇದಕ್ಕೆ ಉದಾಹರಣೆಯು. ಮೇಲೆ ಹೇಳಿದ ನೀಲ್, ಮತ್ತು ಪಿಗೋ, ಬಿಗ್ಸ್ ಎಂಬವರು ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರನು ಇತಿಹಾಸವನ್ನೂ ಫರ್ಗ್ಯುಸನ್ನನು ಶಿಲ್ಪದ ವಿಮರ್ಶೆಯನ್ನೂ ಬರೆದರು. ಕನ್ನಡ ನಾಡಿನ ದೇವಾಲಯಗಳನ್ನು ಲೋಕಕ್ಕೆ ಪರಿಚಯಿಸಿದ ಆ ಘನ ಗ್ರಂಥವೂ ಕೂಡ ಮೂಲದಲ್ಲಿ ಚಿತ್ರಗಳನ್ನು ಹಚ್ಚಿ ಬರಹವನ್ನು ಕೂಡಿಸಿದ ಪುಟಗಳ ಕಟ್ಟೇ ಆಗಿದ್ದಿತೆಂಬುದು ನೆನಪಿಡತಕ್ಕ ಮಾತು.

ಈ ಮೂರು ತಾಲೂಕುಗಳಿಗೆ ಪರಸ್ಥಳದ ಪ್ರವಾಸಿಕರನ್ನು ಎಳೆದು ತಂದುದು ಮುಖ್ಯವಾಗಿ ಜೋಗದ ಜಲಪಾತವು. 1862ರಲ್ಲಿ ಉತ್ತರ ಕಾನಡಾ ಜಿಲ್ಹೆಯು ಮದ್ರಾಸ್ ಆಧಿಪತ್ಯದಿಂದ ಮುಂಬಯಿಗೆ ಸೇರಿತು. ಅಲ್ಲಿಂದ 1956ರವರೆಗೆ ಜೋಗದಲ್ಲಿ ಶರಾವತಿಯ ಉತ್ತರದ ದಡವು ಮುಂಬಯಿ ಪ್ರಾಂತದ ಸಿದ್ದಾಪುರ ತಾಲೂಕಿಗೂ, ದಕ್ಷಿಣದ ದಡವು ಮೈಸೂರು ಸಂಸ್ಥಾನದ ಸಾಗರ ತಾಲೂಕಿಗೂ ಸೇರಿದ್ದುವು. ಎರಡು ದಡಗಳಲ್ಲಿಯೂ ಬೇರೆಬೇರೆ ಬಂಗಲೆಗಳಿದ್ದುವು. ಆಂಗ್ಲರು ಇದನ್ನು ಗೇರಸಪ್ಪೆಯ ಜಲಪಾತವೆಂದು ಕರೆದು, 830 ಅಡಿಗಳ ಎತ್ತರವನ್ನು ಗೊತ್ತುಪಡಿಸಿ, ನಾಲ್ಕು ಧಾರೆಗಳಿಗೆ ರಾಜ, ರೋರರ್, ರಾಕೆಟ್, ಡೇಮ್ ಬ್ಲಾಂಶ್ ಎಂದು ಹೆಸರಿಟ್ಟರು. ಕಡೆಯದನ್ನು ಜನರು ರಾಣಿ ಎಂದರು. 1883ರಲ್ಲಿ ಹೊರಬಿದ್ದ ಮುಂಬಯಿ ಸರಕಾರದ ಕಾನಡಾ ಗೆಝೆಟಿಯರಿನಲ್ಲಿ ಇದರ ವರ್ಣನೆಯಿದೆ. 1900ರಲ್ಲಿ ವೈಸರಾಯನಾದ ಕರ್ಜನ್ನನು ಇಲ್ಲಿಗೆ ಬಂದು ಹೋದನು. ಆತನ ಆಡಳಿತಕಾಲದ ಸಂಚಾರಗಳ ಚಿತ್ರಸಂಪುಟಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸುರಕ್ಷಿತವಾಗಿವೆ. ವೈಸರಾಯನ ಸಂಚಾರಕ್ಕೆ ಸಂಪುಟಗಳನ್ನು ಕಟ್ಟುವವರೂ ಕಾಪಾಡುವವರೂ ಇದ್ದರು. ಅದೇ ಜಲಪಾತವನ್ನು ನೋಡಲು ಎತ್ತಿನ ಗಾಡಿಗಳಲ್ಲಿ ಬುತ್ತಿಯನ್ನು ಕಟ್ಟಿಕೊಂಡು ಹೋದ ರೈತರ ಸಂಚಾರಕ್ಕೆ ಅವರ ಮನೆಯವರಲ್ಲದೆ ಬೇರೆ ದಫ್ತರದಾರರಿರಲಿಲ್ಲ.

ಆಗ ಛಾಯಾಚಿತ್ರವು ಸಾಮಾನ್ಯರ ಕೈಗೆ ನಿಲುಕುವಂತಿರಲಿಲ್ಲ. ಒದ್ದೆಯಾದ ಗಾಜಿನ ಫಲಕವನ್ನು ಅದು ಆರುವುದರೊಳಗಾಗಿ ಕತ್ತಲೆಯ ಡೇರೆಯಲ್ಲಿ ತೊಳೆದು ತೆಗೆಯಬೇಕಾದ ಕಷ್ಟವು ಶುಷ್ಕ ಫಲಕಗಳು ಬಂದ ಮೇಲೆ ತಪ್ಪಿತು. 1888ರಲ್ಲಿ ಅಮೇರಿಕದ ಜಾರ್ಜ್ ಈಸ್ಟಮನ್ನನು ಕೊಡಾಕ್ ಎಂಬ ಕೈಕ್ಯಾಮೆರಾವನ್ನು ಹೊರತಂದನು. ಅದರಲ್ಲಿ ನೂರು ಚಿತ್ರಗಳಿಗೆ ಸಾಲುವ ಸುರುಳಿಯಿತ್ತು. ಮುಗಿದೊಡನೆ ಕ್ಯಾಮೆರಾವನ್ನೇ ಕಾರಖಾನೆಗೆ ಕಳುಹಿದರೆ ಚಿತ್ರಗಳು ಸಿದ್ಧವಾಗಿ ಬರುತ್ತಿದ್ದುವು. 1900ರಲ್ಲಿ ಒಂದು ಡಾಲರ್ ಬೆಲೆಯ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮೆರಾವು ಬಂದ ಮೇಲಂತೂ ಮಕ್ಕಳು ಸಹ ಚಿತ್ರಗಾರರಾದರು. ಚಿತ್ರಗಳು ಹೆಚ್ಚಿದಂತೆ ಅವುಗಳನ್ನಿಡುವ ಪುಸ್ತಕಗಳೂ ಹೆಚ್ಚಿದುವು.

ಪಶ್ಚಿಮದ ಮನೆಗಳಲ್ಲಿ ಪತ್ರಿಕೆಯ ತುಣುಕು, ಒಣಗಿದ ಹೂವು, ಟಿಕೇಟು, ಕಾಗದ ಮುಂತಾದುವನ್ನು ಪುಸ್ತಕದಲ್ಲಿ ಅಂಟಿಸಿಡುವ ರೂಢಿಯು ಛಾಯಾಚಿತ್ರಕ್ಕಿಂತಲೂ ಹಳೆಯದು. ಇದಕ್ಕೆ ಸ್ಕ್ರ್ಯಾಪ್ ಬುಕ್ ಎಂದು ಹೆಸರು. ಪ್ರಸಿದ್ಧ ವಿನೋದ ಲೇಖಕನಾದ ಮಾರ್ಕ್ ಟ್ವೇನನು ಹಾಳೆಗಳಿಗೆ ಮೊದಲೇ ಗೋಂದನ್ನು ಬಳಿದಿಟ್ಟ ಇಂತಹ ಪುಸ್ತಕವೊಂದನ್ನು ಕಲ್ಪಿಸಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಬೇಕಾದಲ್ಲಿ ನೀರು ಸವರಿ ತುಣುಕನ್ನು ಒತ್ತಿದರೆ ತೀರಿತು. ಆಷಾಢದಲ್ಲಿ ಗೋಡೆಗಳೇ ಬೆವರುವ ಶಿರಸಿ ಸೀಮೆಗೆ ಅಂತಹ ಪುಸ್ತಕವು ಬಂದಿದ್ದರೆ ನೀರು ಸವರುವ ತೊಂದರೆಯೂ ಇಲ್ಲದೆ ಎಲ್ಲ ಹಾಳೆಗಳೂ ತಾವಾಗಿಯೇ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದುವು.

ಅಡಿಬರಹದ ವಿಷಯದಲ್ಲಿ 1914ರಲ್ಲಿ ನಡೆದ ಒಂದು ಪ್ರಯತ್ನವು ಗಮನಾರ್ಹವಾಗಿದೆ. ಹೆನ್ರಿ ಗೈಸ್ಮನ್ ಎಂಬ ಸಂಶೋಧಕನು, ಚಿತ್ರವನ್ನು ತೆಗೆದೊಡನೆಯೇ ಕ್ಯಾಮೆರಾದ ಬೆನ್ನಿನ ಕಿಂಡಿಯೊಂದನ್ನು ತೆರೆದು ಲೋಹದ ಕಡ್ಡಿಯಿಂದ ದಿನ ಸ್ಥಳಗಳನ್ನು ಬರೆದರೆ ಅದು ನೆಗೆಟಿವ್‌ನ ಅಂಚಿನಲ್ಲಿಯೇ ಮೂಡುವಂತಹ ಉಪಾಯವನ್ನು ಕಂಡುಹಿಡಿದನು. ಈಸ್ಟಮನ್ನನು ಈ ಹಕ್ಕಿಗಾಗಿ 3,00,000 ಡಾಲರುಗಳನ್ನು ಕೊಟ್ಟು ಆಟೋಗ್ರಾಫಿಕ್ ಎಂಬ ಹೆಸರಿನಿಂದ ಆ ಕ್ಯಾಮೆರಾಗಳನ್ನು ಮಾರಿದನು. ಮರೆವು ಎಷ್ಟು ಶೀಘ್ರವಾಗಿ ಬರುವುದೆಂಬುದನ್ನು ಆ ವ್ಯಾಪಾರಿಯು ಚೆನ್ನಾಗಿ ಬಲ್ಲವನಾಗಿದ್ದನು. ಆದರೆ ಜನರು ಕಿಂಡಿಯನ್ನು ತೆರೆಯುವ ಶ್ರಮವನ್ನು ವಹಿಸಲಿಲ್ಲ. 1930ರ ದಶಕದಲ್ಲಿ ಆ ಕ್ಯಾಮೆರಾವು ನಿಂತುಹೋಯಿತು. ಸಾಧನವಿದ್ದರೂ ಅಭ್ಯಾಸವಿಲ್ಲದಿದ್ದರೆ ಬರಹವು ಹುಟ್ಟುವುದಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನವು.

ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಛಾಯಾಚಿತ್ರವು ಮೊದಲು ನೆಲೆಯೂರಿದುದು ಜಗಲಿಯ ಗೋಡೆಯ ಮೇಲೆ. ಕಟ್ಟು ಹಾಕಿಸಿದ ಹಿರಿಯರ ಪಟ, ಮದುವೆಯ ಪಟ, ಕಾಶೀಯಾತ್ರೆಯಿಂದ ಮರಳಿದವರ ಗುಂಪಿನ ಪಟ, ಇವು ಮನೆಯ ಮರ್ಯಾದೆಗೆ ಸಂಬಂಧಿಸಿದುವು. ವಿನೋದಕ್ಕಾಗಿ ಹೋದ ಪ್ರವಾಸದ ಚಿತ್ರಗಳು ಬಂದುದು ದಾರಿಗಳು ಸುಧಾರಿಸಿದ ಮೇಲೆ. ದೇವಿಮನೆ ಮತ್ತು ಅರಬೈಲು ಘಟ್ಟಗಳಲ್ಲಿ ಮೋಟಾರುಗಳು ಓಡಾಡತೊಡಗಿದುವು. 1940ರಲ್ಲಿ ಶಿವಮೊಗ್ಗೆಯಿಂದ ರೈಲು ಮಾರ್ಗವು ತಾಳಗುಪ್ಪದವರೆಗೆ ಬಂದು ಮುಟ್ಟಿ, ಸಿದ್ದಾಪುರಕ್ಕೂ ಜೋಗಕ್ಕೂ ಸಮೀಪವಾಯಿತು. ಶಾಲೆಯ ಮಕ್ಕಳ ಪ್ರವಾಸ, ನೆಂಟರೊಡನೆ ವನಭೋಜನ, ಬೇಸಗೆಯ ರಜೆಯಲ್ಲಿ ಅಜ್ಜನ ಮನೆಗೆ ಬಂದ ಮೊಮ್ಮಕ್ಕಳ ತಿರುಗಾಟ, ಇವೆಲ್ಲವೂ ಕ್ರಮೇಣ ಚಿತ್ರಗಳಿಗೆ ವಿಷಯವಾದುವು. 1960ರ ತರುವಾಯ ಅಗ್ಫಾ ಕ್ಲಿಕ್-3ರಂತಹ ಅಗ್ಗದ ಕ್ಯಾಮೆರಾಗಳು ಮಧ್ಯಮ ಸ್ಥಿತಿಯವರ ಮನೆಗಳಿಗೂ ಬಂದುವು. ಅದರ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಆದುದರಿಂದ ಬನವಾಸಿಯ ನಂದಿಯ ಮುಂದೆ ಒಂದು, ಸೋದೆಯ ಮಠದ ಬಾಗಿಲಲ್ಲಿ ಒಂದು, ಮಾಗೋಡಿನ ನೆತ್ತಿಯಲ್ಲಿ ಒಂದು ಎಂದು ಎಣಿಸಿ ತೆಗೆಯಬೇಕಾಗಿತ್ತು. ಆ ಬಡತನದಲ್ಲಿ ಒಂದು ಗುಣವೂ ಇದ್ದಿತು. ತೆಗೆಯುವುದಕ್ಕೆ ಮುಂಚೆ ಯೋಚಿಸಿದ ಚಿತ್ರವು ತೆಗೆದ ಮೇಲೆ ಕಸವಾಗುತ್ತಿರಲಿಲ್ಲ. ಪೇಟೆಯಿಂದ ಕರಿಯ ಹಾಳೆಯ ಪುಸ್ತಕವನ್ನೂ ಮೂಲೆಗೆ ಸಿಕ್ಕಿಸುವ ಕಾಗದದ ತ್ರಿಕೋನಗಳನ್ನೂ ತಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲರೂ ಕುಳಿತು ಅವನ್ನು ಜೋಡಿಸುವುದು ಪ್ರವಾಸದ ಕೊನೆಯ ಅಂಗವಾಗಿದ್ದಿತು.

ಈ ಚಿತ್ರಗಳ ನಿಜವಾದ ಬೆಲೆಯು ಗೊತ್ತಾದುದು ಅವುಗಳಲ್ಲಿದ್ದ ದೃಶ್ಯಗಳು ಬದಲಾದ ಮೇಲೆ. ಶರಾವತಿಗೆ ಹಿರೇಭಾಸ್ಕರದಲ್ಲಿ ಅಣೆಕಟ್ಟನ್ನು ಕಟ್ಟಿ, 1948ರಲ್ಲಿ ಜೋಗದ ವಿದ್ಯುದಾಗಾರವು ಪ್ರಾರಂಭವಾಯಿತು. ಇದಕ್ಕೆ ಮರುವರ್ಷ ಮಹಾತ್ಮಾ ಗಾಂಧಿಯವರ ಹೆಸರನ್ನಿಡಲಾಯಿತು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಪೂರ್ಣಗೊಂಡಿತು. ಹಿರೇಭಾಸ್ಕರದ ಕಟ್ಟೆಯೇ ಅದರ ನೀರಿನಲ್ಲಿ ಮುಳುಗಿಹೋಗಿ, ಈಗ ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಮಾತ್ರ ತಲೆಯೆತ್ತುತ್ತದೆ. ಸಾಗರ ಹೊಸನಗರಗಳ ಕಡೆಯ ಅನೇಕ ಹಳ್ಳಿಗಳು ಆ ನೀರಿನ ಪಾಲಾದುವು. ನದಿಯು ತನ್ನಿಚ್ಛೆಯಿಂದ ಧುಮುಕುತ್ತಿದ್ದ ಜೋಗವು, ಮಳೆಗಾಲದಲ್ಲಿ ಜಲಾಶಯವು ತುಂಬಿ ಬಾಗಿಲುಗಳನ್ನು ತೆರೆದಾಗಲಷ್ಟೇ ತನ್ನ ಪೂರ್ವದ ವೈಭವವನ್ನು ತಳೆಯುವಂತಾಯಿತು.

ಹೀಗಿರಲಾಗಿ, ನಾಲ್ಕು ಧಾರೆಗಳೂ ತುಂಬಿ ಬೀಳುತ್ತಿರುವ ಒಂದು ಚಿತ್ರವೂ ಬರಿಯ ಬಂಡೆಯ ಮೇಲೆ ನೂಲಿನಂತೆ ನೀರಿಳಿಯುವ ಇನ್ನೊಂದು ಚಿತ್ರವೂ ಒಂದೇ ಪೆಟ್ಟಿಗೆಯಲ್ಲಿ ದೊರೆತುವೆಂದು ಭಾವಿಸೋಣವಾಗಲಿ. ಮೊದಲನೆಯದು ಅಣೆಕಟ್ಟಿನ ಪೂರ್ವದ ಕಾರ್ತಿಕಮಾಸದ್ದೋ, ತರುವಾಯದ ಶ್ರಾವಣದ್ದೋ? ಎರಡನೆಯದರಲ್ಲಿ ಕಾಣುವುದು ಅಣೆಕಟ್ಟಿನ ಪರಿಣಾಮವೋ, ಹಿಂದಿನ ಕಾಲದ ಕಡುಬೇಸಗೆಯೋ? ಹಿಂಬದಿಯಲ್ಲಿ ತಿಂಗಳು ಮತ್ತು ಇಸವಿಗಳೆಂಬ ಎರಡು ಶಬ್ದಗಳಿದ್ದರೆ ಆ ಚಿತ್ರವು ಒಂದು ನದಿಯ ಚರಿತ್ರೆಗೆ ಸಾಕ್ಷಿಯಾಗುತ್ತದೆ. ಅವಿಲ್ಲದಿದ್ದರೆ ಬರಿಯ ಸುಂದರ ನೋಟವಾಗುತ್ತದೆ. ಸಾಕ್ಷಿಗೂ ನೋಟಕ್ಕೂ ಇರುವ ಅಂತರವು ಎರಡೇ ಶಬ್ದಗಳದ್ದು.

ಜೋಗದಂತೆಯೇ ಬೇರೆ ಸ್ಥಳಗಳಿಗೂ ಈ ಮಾತು ಅನ್ವಯಿಸುವುದು. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸೋದೆಯ ಅರಸರ ಕಾಲದಲ್ಲಿ ಕೆತ್ತಿದ ಸಹಸ್ರಲಿಂಗಗಳು ಮಳೆಗಾಲದಲ್ಲಿ ಪ್ರವಾಹದ ಕೆಳಗೆ ಮರೆಯಾಗಿ ಶಿವರಾತ್ರಿಯ ವೇಳೆಗೆ ಎದ್ದು ತೋರುವುವು. ತಿಂಗಳನ್ನು ಬರೆಯದೆ ಇಟ್ಟರೆ ಅಲ್ಲಿಯ ಎರಡು ಚಿತ್ರಗಳು ಒಂದೇ ಸ್ಥಳದವೆಂದು ನಂಬುವುದೇ ಕಷ್ಟವು. 1688ರಲ್ಲಿ ಪ್ರತಿಷ್ಠಿತವಾದ ಶಿರಸಿಯ ಮಾರಿಕಾಂಬೆಯ ದೇವಾಲಯದ ಜಾತ್ರೆಯು ಎರಡು ವರ್ಷಗಳಿಗೊಮ್ಮೆ ನಡೆಯುತ್ತದೆ. ತೇರಿನ ಚಿತ್ರಗಳೆಲ್ಲ ಒಂದನ್ನೊಂದು ಹೋಲುವುದರಿಂದ ಇಸವಿಯಿಲ್ಲದ ಜಾತ್ರೆಯ ಚಿತ್ರವು ಯಾವ ಜಾತ್ರೆಯದೂ ಅಲ್ಲದಂತಾಗುತ್ತದೆ. ಸ್ಥಳನಾಮಗಳ ಸಂಗತಿಯೂ ಹೀಗೆಯೇ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಬಳಿ ಅಘನಾಶಿನಿಯು ಧುಮುಕುವ ಸ್ಥಳವು ಆಂಗ್ಲರ ಬರಹಗಳಲ್ಲಿ ಲಷಿಂಗ್ಟನ್ ಎಂಬ ಕಲೆಕ್ಟರನ ಹೆಸರಿನಿಂದಿದೆ. ಊರಿನ ಹೆಸರಿನಿಂದ ಉಂಚಳ್ಳಿಯೆಂದೂ, ಕಿವಿಗೆಡಿಸುವ ಸದ್ದಿನಿಂದ ಕೆಪ್ಪಜೋಗವೆಂದೂ ಜನರು ಕರೆಯುತ್ತಾರೆ. ಒಂದು ಪುಟದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಮತ್ತೊಂದು ಹೆಸರು ಇದ್ದರೆ ಮುಂದಿನವರು ಮೂರು ಜಲಪಾತಗಳಿದ್ದುವೆಂದು ತಿಳಿಯುವ ಸಂಭವವುಂಟು. ಆದುದರಿಂದ ಊರು, ತಾಲೂಕು, ಹೊಳೆಗಳನ್ನು ಕೂಡಿಸಿ ಬರೆಯುವುದು ಕ್ಷೇಮಕರವು.

ಚಿತ್ರಗಳಿಗೆ ಈ ಸೀಮೆಯಲ್ಲಿ ಶತ್ರುಗಳು ಬಹಳ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುವುದು. ಗಾಳಿಯಲ್ಲಿ ನೀರಿನ ಅಂಶವು ಬಹುಕಾಲ ಹೆಚ್ಚಾಗಿರುವುದರಿಂದ ಚಿತ್ರದ ಮೇಲಣ ಜೆಲಾಟಿನ್ ಪದರವು ಮೆತ್ತಗಾಗಿ ಬೂಷ್ಟಿಗೆ ಆಹಾರವಾಗುತ್ತದೆ. ಮೈದಾಹಿಟ್ಟಿನ ಅಂಟು ಹುಳುಗಳನ್ನು ಕರೆಯುತ್ತದೆ. ನೆಲದ ಮೇಲಿಟ್ಟ ಪೆಟ್ಟಿಗೆಯನ್ನು ಒರಲೆ ಹುಡುಕಿಕೊಂಡು ಬರುತ್ತದೆ. ಒಲೆಯ ಹೊಗೆಯಾಡುವ ಅಟ್ಟದಲ್ಲಿ ಓಲೆಗರಿಗಳು ಬದುಕಿ ಉಳಿದುವೆಂದು ಛಾಯಾಚಿತ್ರಗಳನ್ನೂ ಅಲ್ಲಿಯೇ ಇಡುವುದು ತಪ್ಪು. ಹೊಗೆಯಲ್ಲಿರುವ ಗಂಧಕದ ಅಂಶವು ಬೆಳ್ಳಿಯ ಚಿತ್ರವನ್ನು ಹಳದಿಗೊಳಿಸುವುದು. 1980ರ ದಶಕದಲ್ಲಿ ಬಣ್ಣದ ಚಿತ್ರಗಳು ರೂಢಿಗೆ ಬಂದುವು. ಅವು ಬೆಳ್ಳಿಯ ಕಣಗಳಿಂದಲ್ಲ, ವರ್ಣದ್ರವ್ಯಗಳಿಂದ ಆದುವುಗಳಾದುದರಿಂದ ಬೆಳಕು ಸೆಕೆಗಳಿಗೆ ಸಿಕ್ಕಿ ಕೆಂಪಾಗಿ ಮಾಸಿದುವು. ಅದೇ ಕಾಲದಲ್ಲಿ ಮೇಣದಂತಹ ಗೆರೆಗಳ ಮೇಲೆ ಚಿತ್ರವನ್ನೊತ್ತಿ ಪ್ಲಾಸ್ಟಿಕ್ ಹೊದಿಕೆಯನ್ನೆಳೆಯುವ ಆಲ್ಬಮ್ಮುಗಳು ಮನೆಮನೆಗೂ ಬಂದುವು. ಜೋಡಿಸಲು ಅವುಗಳಷ್ಟು ಸುಲಭವಾದುವು ಬೇರಿರಲಿಲ್ಲ. ಆದರೆ ಕೆಲವು ವರ್ಷಗಳಲ್ಲಿ ಅಂಟು ಹಳದಿಯಾಗಿ ಚಿತ್ರವನ್ನು ಹಿಡಿದುಕೊಂಡು, ತೆಗೆಯಹೋದರೆ ಹರಿಯುವಂತಾಯಿತು. ಅಡಿಬರಹಕ್ಕೆ ಅವುಗಳಲ್ಲಿ ಸ್ಥಳವೇ ಇರಲಿಲ್ಲವೆಂಬುದು ಇನ್ನೂ ದೊಡ್ಡ ಕೊರತೆಯು.

ಈ ಇತಿಹಾಸದಿಂದಲೇ ಸರಳವಾದ ಚಿತ್ರಪುಟವನ್ನು ಸಿದ್ಧಪಡಿಸುವ ಕ್ರಮವು ದೊರೆಯುತ್ತದೆ. ಒಂದು ಪುಟಕ್ಕೆ ಒಂದು ಸ್ಥಳ ಅಥವಾ ಒಂದು ದಿನವೆಂದು ಗೊತ್ತುಪಡಿಸುವುದು ಮೊದಲನೆಯದು. ಮೂರರಿಂದ ಐದು ಚಿತ್ರಗಳು ಸಾಕು. ಅವುಗಳಲ್ಲಿ ಸ್ಥಳವನ್ನು ತೋರಿಸುವ ದೊಡ್ಡದೊಂದು, ಜನರನ್ನು ತೋರಿಸುವ ಒಂದೆರಡು, ಬುತ್ತಿಯ ಗಂಟು, ಕೆಟ್ಟು ನಿಂತ ಮೋಟಾರು, ದಾರಿಯ ಸಂಕದಂತಹ ಚಿಕ್ಕ ಸಂಗತಿಯ ಒಂದು ಇದ್ದರೆ ಪ್ರವಾಸದ ರೂಪವು ತಿಳಿಯುತ್ತದೆ. ಚಿತ್ರದ ಬೆನ್ನಿಗೆ ಅಂಟನ್ನು ಬಳಿಯದೆ ಮೂಲೆಗಳಿಗೆ ಕಾಗದದ ತ್ರಿಕೋನಗಳನ್ನು ಸಿಕ್ಕಿಸತಕ್ಕದ್ದು. ಹಾಗೆ ಮಾಡಿದರೆ ಬೇಕಾದಾಗ ಹೊರತೆಗೆಯಬಹುದು. ಕಾಗದದ ಹಳೆಯ ಚಿತ್ರಗಳ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಬಹುದು. ಬಾಲ್‌ಪೆನ್ನು ಒತ್ತಿದರೆ ಮುಂಬದಿಗೆ ಗೆರೆ ಮೂಡುವುದು. ಹೊಸ ಕಾಲದ ನುಣುಪಾದ ಚಿತ್ರಗಳ ಮೇಲೆ ಪೆನ್ಸಿಲು ಹಿಡಿಯದಾದುದರಿಂದ ಹಾಳೆಯ ಮೇಲೆಯೇ ಬರೆಯುವುದು ಯೋಗ್ಯವು. ಬಸ್ಸಿನ ಟಿಕೇಟು, ದೇವಾಲಯದ ಸೇವೆಯ ಚೀಟಿ ಮೊದಲಾದುವನ್ನು ಸೇರಿಸಿದರೆ ಅವೂ ದಿನಾಂಕಕ್ಕೆ ಸಾಕ್ಷಿಗಳಾಗುವುವು. ಹೂವು ಎಲೆಗಳನ್ನು ಮಾತ್ರ ಚಿತ್ರಕ್ಕೆ ತಾಗುವಂತೆ ಇಡಲಾಗದು. ಅವುಗಳ ತೇವವೂ ಬಣ್ಣವೂ ಚಿತ್ರಕ್ಕೆ ಇಳಿಯುವುವು.

ಅಲಂಕಾರವು ಬೇಕೆನ್ನುವವರಿಗೆ ಸಿದ್ದಾಪುರ, ಸಾಗರ ಸೀಮೆಗಳ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರವು ಒಳ್ಳೆಯ ಮಾದರಿಯು. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿಯ ನಾರಿನ ಕುಂಚದಲ್ಲಿ ಎಳೆದ ನೇರವಾದ ಎಳೆಗಳು ಚೌಕಟ್ಟನ್ನು ಕಟ್ಟುತ್ತವೆ. ನಡುವಣ ವಸ್ತುವನ್ನು ಮರೆಮಾಡುವುದಿಲ್ಲ. ಅಂತಹ ಎರಡೆಳೆಯ ಅಂಚು ಪುಟಕ್ಕೆ ಸಾಕಾಗುವುದು. ಬಣ್ಣಬಣ್ಣದ ಕಾಗದದ ಹೂಗಳನ್ನು ತುಂಬಿದರೆ ನೋಡುವವನ ಕಣ್ಣು ಚಿತ್ರವನ್ನು ಬಿಟ್ಟು ಅಂಚಿನಲ್ಲಿ ಅಲೆಯುತ್ತದೆ.

ಎಲ್ಲಕ್ಕಿಂತಲೂ ಮುಖ್ಯವಾದುದು ಬರಹದ ವಿಷಯವು. ಯಾರು, ಎಲ್ಲಿ, ಎಂದು, ಏತಕ್ಕೆ ಎಂಬ ನಾಲ್ಕಕ್ಕೂ ಉತ್ತರವಿರಬೇಕು. ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆಯಬೇಕು. ಅಜ್ಜ, ಅತ್ತೆ, ಭಾವ ಎಂದಷ್ಟೇ ಬರೆಯುವುದು ಸಾಲದು. ಬರೆದವನಿಗೆ ಅಜ್ಜನಾದವನು ಓದುವವನಿಗೆ ಮುತ್ತಜ್ಜನಾಗಿರುವನು. ಚಿತ್ರವನ್ನು ತೆಗೆದವನು ಚಿತ್ರದಲ್ಲಿರುವುದಿಲ್ಲವಾದುದರಿಂದ ಅವನ ಹೆಸರನ್ನು ಮರೆಯದೆ ಸೇರಿಸಬೇಕು. ಈ ಮನೆಗಳಲ್ಲಿ ಹಿಂದಿನಿಂದಲೂ ಒಂದು ಲೋಪವು ನಡೆದು ಬಂದಿದೆ. ಗಂಡಸರ ಹೆಸರುಗಳು ಊರು ಮನೆತನಗಳೊಡನೆ ದಾಖಲಾದರೂ, ಹೆಂಗಸರು ಇಂಥವರ ಪತ್ನಿ, ಇಂಥವರ ತಾಯಿ ಎಂದೇ ಉಳಿದುಬಿಡುತ್ತಾರೆ. ಎರಡು ಸಾವಿರ ವರ್ಷಗಳ ಹತ್ತಿರದ ಬನವಾಸಿಯ ನಾಗಶಿಲೆಯೇ ಒಬ್ಬ ಹೆಂಗಸಿನ ದಾನವನ್ನು ಹೇಳುವಾಗ, ಅರುವತ್ತು ವರ್ಷಗಳ ಹಿಂದಿನ ಚಿತ್ರದಲ್ಲಿ ಅಜ್ಜಿಯ ಹೆಸರಿಲ್ಲದಿರುವುದು ಒಪ್ಪತಕ್ಕುದಲ್ಲ. ಹಳೆಯ ಚಿತ್ರಗಳ ಹೆಸರುಗಳನ್ನು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ಮುಂದೆ ಪೆಟ್ಟಿಗೆಯನ್ನು ತೆರೆದು ಕುಳಿತು ಬರೆದುಕೊಳ್ಳುವ ಕೆಲಸವನ್ನು ಮುಂದಿನ ರಜೆಗೆಂದು ತಳ್ಳುವುದು ವಿವೇಕವಲ್ಲ. ಅವರಿಗೆ ಮುಂದಿನ ರಜೆಯು ಇದೆಯೆಂದು ಹೇಳಬಲ್ಲವರಾರು?

ಇಂದಿನ ಕಾಲದಲ್ಲಿ ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಫೋನಿದೆ. ಮಾಗೋಡಿನ ಎದುರು ಒಂದೇ ಗಳಿಗೆಯಲ್ಲಿ ಹಿಂದಿನ ಹತ್ತು ಸುರುಳಿಗಳಷ್ಟು ಚಿತ್ರಗಳನ್ನು ತೆಗೆಯುವುದು ಸಾಧ್ಯವಾಗಿದೆ. ಆಟೋಗ್ರಾಫಿಕ್ ಕ್ಯಾಮೆರಾದ ಕೆಲಸವನ್ನು ಈ ಯಂತ್ರವು ತಾನಾಗಿಯೇ ಮಾಡಿ, ದಿನವನ್ನೂ ಹೊತ್ತನ್ನೂ ಚಿತ್ರದೊಳಗೆ ಗುಪ್ತವಾಗಿ ಬರೆದಿಡುತ್ತದೆ. ಆದರೆ ಚಿತ್ರವನ್ನು ವಾಟ್ಸಾಪಿನ ಮೂಲಕ ಒಬ್ಬರಿಂದೊಬ್ಬರಿಗೆ ಸಾಗಿಸುವಾಗ ಆ ಗುಪ್ತಲಿಪಿಯು ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಫೋನು ಕೆಟ್ಟರೆ ಚಿತ್ರಗಳೂ ಹೋಗುವುವು. ಅದೂ ಅಲ್ಲದೆ, ದಿನವನ್ನು ಬಲ್ಲ ಯಂತ್ರವು ಸಂಬಂಧವನ್ನು ಅರಿಯದು. ಬಂಡೆಯ ಮೇಲೆ ನಿಂತ ಆರು ಮಂದಿಯಲ್ಲಿ ಮೂರನೆಯವರು ಆ ಪ್ರವಾಸದ ಮರುವಾರವೇ ಮುಂಬಯಿಗೆ ಕೆಲಸಕ್ಕೆ ಹೋದವರು, ಅದಕ್ಕಾಗಿಯೇ ಎಲ್ಲರೂ ಕೂಡಿ ಜೋಗಕ್ಕೆ ಹೋದರು ಎಂಬಂತಹ ಮಾತನ್ನು ಮನುಷ್ಯನೇ ಬರೆಯಬೇಕು. ವರ್ಷದ ಸಾವಿರ ಚಿತ್ರಗಳಲ್ಲಿ ಹನ್ನೆರಡನ್ನು ಆರಿಸಿ, ಕಾಗದದ ಮೇಲೆ ಮೂಡಿಸಿ, ಎರಡು ಮೂರು ಪುಟಗಳಲ್ಲಿ ಜೋಡಿಸಿಟ್ಟರೆ ಹಳೆಯ ಸುರುಳಿಯ ಸಂಯಮವು ತಾನಾಗಿಯೇ ಮರಳುವುದು.

ಬನವಾಸಿಯಲ್ಲಿ ನಾಗನನ್ನು ಕಡೆದ ನಟಕನ ಮುಖವು ಹೇಗಿದ್ದಿತೆಂದು ಇಂದು ಯಾರೂ ಹೇಳಲಾರರು. ಆದರೆ ಅವನು ಯಾರೆಂದು ಹೇಳಬಲ್ಲರು. ಅಟ್ಟದ ಪೆಟ್ಟಿಗೆಯ ಚಿತ್ರದಲ್ಲಿ ಐವರ ಮುಖಗಳೂ ಚೆನ್ನಾಗಿ ಕಾಣುತ್ತವೆ. ಅವರು ಯಾರೆಂದು ಹೇಳುವುದು ಸಾಧ್ಯವಿಲ್ಲ. ಮುಖವೂ ಹೆಸರೂ ಎರಡೂ ಒಂದೇ ಹಾಳೆಯ ಮೇಲೆ ಉಳಿಯಬಲ್ಲ ಅನುಕೂಲವು ಈ ಕಾಲದವರಿಗೆ ದೊರೆತಿದೆ. ಅದಕ್ಕೆ ಬೇಕಾದುದು ಒಂದು ದಪ್ಪ ಹಾಳೆ, ನಾಲ್ಕು ಮೂಲೆಕಾಗದಗಳು, ಒಂದು ಪೆನ್ಸಿಲು ಮತ್ತು ಹಿರಿಯರೊಡನೆ ಕುಳಿತ ಒಂದು ಸಂಜೆ.